ಕರೆಗೆ ಪ್ರವೇಶ ಯಾರಿಗೆ ಮೊದಲು? ಗಾರ್ಡ್ ಚಾನೆಲ್‌ನ ಲೆಕ್ಕ

ಜಿಎಸ್‌ಎಂನಲ್ಲಿ ಒಂದು ಕ್ಯಾರಿಯರ್ ಅಂದರೆ 200 ಕಿಲೋಹರ್ಟ್ಸ್, ಅದರಲ್ಲಿ 8 ಟೈಮ್‌ಸ್ಲಾಟ್. ಸಿಗ್ನಲಿಂಗ್‌ಗೆ ಒಂದು ಹೋದರೆ ಮಾತಿಗೆ ಉಳಿಯುವುದು 7. ಇಂಥ ಸಣ್ಣ ಸೆಲ್‌ಗೆ ಎರಡು ಕಡೆಯಿಂದ ಬೇಡಿಕೆ ಬರುತ್ತೆ: ಊರಿನವರು ಹೊಸದಾಗಿ ಮಾಡುವ ಕರೆ ಒಂದು, ಪಕ್ಕದ ಟವರ್‌ನಿಂದ ಮಾತಾಡುತ್ತಲೇ ಬರುವವರ ಹ್ಯಾಂಡ್‌ಆಫ್ ಇನ್ನೊಂದು. ಕಾಸರಗೋಡಿನಿಂದ ಮಂಜೇಶ್ವರಕ್ಕೆ ಹೋಗುವ ಬಸ್ಸನ್ನು ನೆನೆಸಿಕೊಂಡರೆ ಸಾಕು. ಹೊಸ ಕರೆ ಸಿಗದಿದ್ದರೆ ಬೇಸರ, ನಡೆಯುತ್ತಿರುವ ಮಾತು ತುಂಡಾದರೆ ಸಿಟ್ಟು. ಅದಕ್ಕೇ ಕೊನೆಯ ಒಂದೆರಡು ಚಾನೆಲ್‌ಗಳನ್ನು ಹ್ಯಾಂಡ್‌ಆಫ್‌ಗೆಂದೇ ಮೀಸಲಿಡುತ್ತಾರೆ. ಇವೇ ಗಾರ್ಡ್ ಚಾನೆಲ್.

ಒಂದು ಚಾನೆಲ್ ಸದಾ ತುಂಬಿರುವಷ್ಟು ಹೊರೆಗೆ 1 ಎರ್ಲಾಂಗ್ ಅಂತೀವಿ. ಹೊಸ ಕರೆಗಳದು 2, ಹ್ಯಾಂಡ್‌ಆಫ್‌ನದು 1 ಎರ್ಲಾಂಗ್ ಎಂದಿಟ್ಟುಕೊಳ್ಳೋಣ. ಮೀಸಲಿಲ್ಲದಿದ್ದರೆ ಎರಡೂ ಬಗೆಯಲ್ಲಿ ಶೇ. 2.2ರಷ್ಟು ಕರೆಗೆ ಜಾಗ ಸಿಗಲ್ಲ. ಒಂದನ್ನು ಮೀಸಲಿಟ್ಟರೆ ಹ್ಯಾಂಡ್‌ಆಫ್ ತಪ್ಪುವುದು ಶೇ. 0.7ಕ್ಕೆ ಇಳಿಯುತ್ತೆ, ಹೊಸ ಕರೆಯ ತಡೆ ಶೇ. 5.9ಕ್ಕೆ ಏರುತ್ತೆ. ಎರಡಿಟ್ಟರೆ ಶೇ. 0.3 ಮತ್ತು ಶೇ. 12.8!

ಅಂದರೆ ಬಸ್ಸಿನವರ ಮಾತು ಉಳಿಸಿದ್ದಕ್ಕೆ ಬೆಲೆ ತೆರುವವರು ಊರಲ್ಲಿರುವವರು. ಕಾಲ್ ಡ್ರಾಪ್ ಒಂದನ್ನೇ ಅಳೆದರೆ ನೆಟ್‌ವರ್ಕ್ ಚೆನ್ನಾಗಿದೆ ಅನ್ನಿಸುತ್ತೆ. ಡಾಕ್ಟರಿಗೆ ಫೋನ್ ಹಚ್ಚಿದವರಿಗೆ ಮಾತ್ರ ಲೈನ್ ಸಿಗಲ್ಲ. ಆದ್ದರಿಂದ ಸಣ್ಣ ಸೆಲ್‌ನಲ್ಲಿ ಮೀಸಲು ಗಂಟೆಗಂಟೆಗೆ ಬದಲಾಗಬೇಕು: ಬಸ್ಸುಗಳ ಹೊತ್ತಿಗೆ ಒಂದು, ರಾತ್ರಿ ಸೊನ್ನೆ. ಎರಡು ಅಂಕಿಗಳನ್ನೂ ಒಟ್ಟಿಗೇ ನೋಡಿ ಸೇವೆಯ ಗುಣಮಟ್ಟ ಹೇಳಬೇಕು.