ಒಂದೇ ಮೂಲಪ್ರತಿ

ಮಂಡ್ಯ ತಾಲ್ಲೂಕಿನ ಹೊಳಲಿನಲ್ಲಿ ನೆಲೆಸಿರುವ ನನಗೆ ಅಧ್ಯಾಪಕ ವೃತ್ತಿಯ ನೆನಪುಗಳಲ್ಲೊಂದು ಇಂದಿಗೂ ಚುಚ್ಚುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಕಳುಹಿಸಬೇಕಾದ ಹೆಸರುಪಟ್ಟಿಯನ್ನು ಮೂವರು ಅಧ್ಯಾಪಕರು ಮೂರು ಪ್ರತಿಗಳಲ್ಲಿ ಬರೆದುಕೊಂಡಿದ್ದೆವು. ಒಬ್ಬ ಹುಡುಗನ ಜನ್ಮದಿನಾಂಕ ತಪ್ಪಾಗಿದೆಯೆಂದು ಅವನ ತಂದೆ ಬಂದು ತಿಳಿಸಿದಾಗ ನಾನು ನನ್ನ ಪ್ರತಿಯಲ್ಲಿ ಅದನ್ನು ತಿದ್ದಿದೆ. ಆದರೆ ಪರೀಕ್ಷೆಯ ಕಚೇರಿಗೆ ಹೋದುದು ಬೇರೊಂದು ಪ್ರತಿ. ಅಂಕಪಟ್ಟಿಯಲ್ಲಿ ತಪ್ಪೇ ಅಚ್ಚಾಯಿತು. ಅದನ್ನು ಸರಿಪಡಿಸಿಕೊಳ್ಳಲು ಆ ರೈತ ಎರಡು ವರ್ಷ ಅಲೆದ. ಮೂವರಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ. ಯಾವುದು ಮೂಲಪ್ರತಿ ಎಂಬುದನ್ನು ನಾವು ಗೊತ್ತುಪಡಿಸಿಕೊಂಡಿರಲಿಲ್ಲ, ಅಷ್ಟೆ.

ಗಣಕಯಂತ್ರಕ್ಕೆ ಬೇಕಾದ ತಂತ್ರಾಂಶವನ್ನು ಬರೆಯುವವರಿಗೂ ಇದೇ ಸಂಕಟ ಎದುರಾಗುತ್ತದೆ. ತಂತ್ರಾಂಶವೆಂದರೆ ಯಂತ್ರವು ಏನು ಮಾಡಬೇಕೆಂದು ತಿಳಿಸುವ ಆಜ್ಞೆಗಳ ಸಾಲುಗಳು. ದೊಡ್ಡ ಸಂಸ್ಥೆಯಲ್ಲಿ ಅಂಥ ಲಕ್ಷಾಂತರ ಸಾಲುಗಳನ್ನು ನೂರಾರು ಮಂದಿ ಕೂಡಿ ಬರೆಯುತ್ತಾರೆ. ಒಬ್ಬನು ತಿದ್ದಿದ್ದನ್ನು ಇನ್ನೊಬ್ಬನ ಹಳೆಯ ಪ್ರತಿ ಅಳಿಸಿಬಿಟ್ಟರೆ, ನೆನ್ನೆ ನೀಗಿದ ದೋಷ ಇಂದು ಮರಳಿ ಬರುತ್ತದೆ. ಇದನ್ನು ತಡೆಯಲು ಸಂಸ್ಥೆಗಳು ಕಟ್ಟಿಕೊಳ್ಳುವ ವ್ಯವಸ್ಥೆಯೇ ಕೇಂದ್ರ ತಂತ್ರಾಂಶ ಭಂಡಾರ.

ಇದರ ತತ್ತ್ವವನ್ನು ಅರಿಯಲು ನಮ್ಮ ಜಿಲ್ಲೆಯ ಮದ್ದೂರಿಗೇ ಹೋಗಬಹುದು. ಜಮೀನಿನ ಪಹಣಿಯನ್ನು ಗಣಕಯಂತ್ರದ ಮೂಲಕ ನೀಡುವ ‘ಭೂಮಿ’ ಯೋಜನೆಯ ಪ್ರಯೋಗ 1999ರಲ್ಲಿ ಅಲ್ಲಿ ನಡೆಯಿತು. ಅದುವರೆಗೆ ದಾಖಲೆಗಳು ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ತಿದ್ದಿದವರಾರು, ಯಾವಾಗ ತಿದ್ದಿದರು ಎಂಬುದನ್ನು ರೈತನು ತಿಳಿಯುವುದು ಸುಲಭವಾಗಿರಲಿಲ್ಲ. ಯೋಜನೆಯು ಅಂದಿನ 177 ತಾಲ್ಲೂಕುಗಳಿಗೆ ಹಬ್ಬಿ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದವು. ದಾಖಲೆಯನ್ನು ತಿದ್ದುವ ನೌಕರನು ಬೆರಳಚ್ಚು ಒತ್ತಿ ತನ್ನ ಗುರುತು ಕೊಡಬೇಕಾಯಿತು.

ತಂತ್ರಾಂಶ ಭಂಡಾರದಲ್ಲಿಯೂ ಇಂಥದೇ ಕಟ್ಟುಪಾಡು ಉಂಟು. ಬರೆಯುವವನು ಭಂಡಾರದಿಂದ ಒಂದು ಪ್ರತಿಯನ್ನು ತನ್ನ ಯಂತ್ರಕ್ಕೆ ಇಳಿಸಿಕೊಂಡು ಕೆಲಸ ಮಾಡುತ್ತಾನೆ. ಮುಗಿದ ಮೇಲೆ, ಏನು ಬದಲಾಯಿಸಿದೆ, ಏಕೆ ಬದಲಾಯಿಸಿದೆ ಎಂಬ ಟಿಪ್ಪಣಿಯೊಡನೆ ಹಿಂದಿರುಗಿಸುತ್ತಾನೆ. ಹೊಸದು ಬಂದಿತೆಂದು ಭಂಡಾರವು ಹಳೆಯದನ್ನು ಎಸೆಯುವುದಿಲ್ಲ. ಹೆಸರು, ದಿನಾಂಕ, ವೇಳೆಗಳೊಡನೆ ಎರಡನ್ನೂ ಇಟ್ಟುಕೊಳ್ಳುತ್ತದೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಎರಡನೆಯವನನ್ನು ತಡೆಯುತ್ತದೆ. ಮೊದಲನೆಯವನ ತಿದ್ದುಪಡಿಯನ್ನು ಓದಿ, ಎರಡನ್ನೂ ಹೊಂದಿಸಿದ ಬಳಿಕವೇ ಅವನದು ಒಳಗೆ ಸೇರುತ್ತದೆ. ನಾವು ಮೂವರೂ ಇಂಥ ತಡೆಗೆ ಒಳಪಟ್ಟಿದ್ದರೆ ಆ ಹುಡುಗನ ತಂದೆ ಅಲೆಯಬೇಕಾಗಿರಲಿಲ್ಲ.

ಹೊಸ ಪ್ರಯೋಗ ಮಾಡುವವನು ಮುಖ್ಯ ಪ್ರತಿಯನ್ನು ಮುಟ್ಟದೆ ಒಂದು ಕವಲನ್ನು ತೆಗೆದುಕೊಳ್ಳುತ್ತಾನೆ. ನಮ್ಮ ನಾಲೆಯ ಕವಲು ಗದ್ದೆಯಲ್ಲಿ ಮುಗಿಯುತ್ತದೆ. ಈ ಕವಲು ಮಾತ್ರ, ಹಿರಿಯರೊಬ್ಬರು ಓದಿ ಒಪ್ಪಿದರೆ, ಹಿಂದಿರುಗಿ ಮುಖ್ಯ ನಾಲೆಯನ್ನೇ ಕೂಡುತ್ತದೆ.

ಈ ವಿದ್ಯೆಗೆ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಇಂಥ ಮೊದಲ ಸಾಧನಗಳಲ್ಲೊಂದನ್ನು ರಚಿಸಿದರು. ಇಂದು ಬಹಳವಾಗಿ ಬಳಕೆಯಲ್ಲಿರುವ ‘ಗಿಟ್’ ಎಂಬುದನ್ನು ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದರು. ಇದರಲ್ಲಿ ಪ್ರತಿಯೊಬ್ಬನ ಬಳಿಯೂ ಸಾಮಾನ್ಯವಾಗಿ ಪೂರ್ಣ ಚರಿತ್ರೆ ಇರುವುದರಿಂದ, ಕೇಂದ್ರದ ಯಂತ್ರ ಸುಟ್ಟುಹೋದರೂ ಭಂಡಾರವನ್ನು ಮತ್ತೆ ಕಟ್ಟಬಹುದು. ಹಾಗಾದರೆ ಕೇಂದ್ರವೇಕೆ? ಎಲ್ಲರೂ ಒಪ್ಪಿದ ಮೂಲಪ್ರತಿ ಯಾವುದೆಂಬ ಪ್ರಶ್ನೆಗೆ ಒಂದೇ ಉತ್ತರವಿರಬೇಕಲ್ಲವೆ!

ಭಂಡಾರವನ್ನು ಸ್ಥಾಪಿಸುವಾಗ ಯಂತ್ರವನ್ನು ಅಣಿಗೊಳಿಸುವುದು ಒಂದೆರಡು ದಿನಗಳ ಕೆಲಸ. ಚದುರಿಹೋದ ಪ್ರತಿಗಳನ್ನು ಒಟ್ಟುಗೂಡಿಸಿ, ಯಾರದು ಸರಿಯಾದದ್ದೆಂದು ತೀರ್ಮಾನಿಸುವುದೇ ನಿಜವಾದ ಕಷ್ಟ. ಅಲ್ಲಿ ಯಂತ್ರಜ್ಞಾನಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನೂ ಮೊದಲೇ ನಿಗದಿ ಮಾಡಬೇಕು. ಗುಪ್ತಪದಗಳನ್ನಂತೂ ಅದರೊಳಗೆ ಬರೆಯಲೇಬಾರದು. ಮರುದಿನ ಅಳಿಸಿದರೂ ಹಳೆಯ ಪುಟದಲ್ಲಿ ಅವು ಉಳಿದಿರುತ್ತವೆ. ಮರೆಯದಿರುವ ಗುಣವೇ ಇಲ್ಲಿ ಅಪಾಯವಾಗುತ್ತದೆ.

ಹೊರಗಿನವರು ಬರೆದು ಹಂಚುವ ಸಿದ್ಧ ಭಾಗಗಳಿಗೂ ಸಂಸ್ಥೆಗಳು ಪ್ರತ್ಯೇಕ ಉಗ್ರಾಣವನ್ನು ಇಟ್ಟುಕೊಳ್ಳುವುದುಂಟು. ಅದು ಏಕೆ ಬೇಕೆಂಬುದು 2016ರ ಮಾರ್ಚಿಯಲ್ಲಿ ಲೋಕಕ್ಕೆ ತಿಳಿಯಿತು. ‘ಲೆಫ್ಟ್‌ಪ್ಯಾಡ್’ ಎಂಬುದು ಬರಹದ ಎಡಕ್ಕೆ ಖಾಲಿ ಜಾಗ ಸೇರಿಸುವ, ಕೇವಲ 11 ಸಾಲುಗಳ ತುಣುಕು. ಅದರ ಕರ್ತೃವು ವಿವಾದವೊಂದರಿಂದ ಬೇಸತ್ತು ಅದನ್ನು ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡನು. ಅದನ್ನು ನೆಚ್ಚಿದ್ದ ಸಾವಿರಾರು ತಂತ್ರಾಂಶಗಳನ್ನು ಸಿದ್ಧಪಡಿಸುವ ಕೆಲಸ ತಟ್ಟನೆ ನಿಂತಿತು. ಕೆಲವು ಗಂಟೆಗಳಲ್ಲಿ ಅದನ್ನು ಮತ್ತೆ ತಂದಿರಿಸಬೇಕಾಯಿತು. ಆ 11 ಸಾಲುಗಳ ಪ್ರತಿಯನ್ನು ತಮ್ಮ ಉಗ್ರಾಣದಲ್ಲಿ ಇರಿಸಿಕೊಂಡಿದ್ದವರ ಕೆಲಸ ಮಾತ್ರ ಎಂದಿನಂತೆ ನಡೆಯಿತು.