ಬಿರುಕಿನ ಬೆನ್ನು ಹತ್ತುವವರು

ಯುದ್ಧವಿಮಾನದ ಭಾಗಗಳನ್ನು ಕತ್ತರಿಸದೆ, ಕೆಡಿಸದೆ ಅವುಗಳಲ್ಲಿ ಅಡಗಿದ ದೋಷವನ್ನು ಪತ್ತೆಹಚ್ಚುವ ಕೆಲಸಕ್ಕೆ ನಾನ್‌ಡಿಸ್ಟ್ರಕ್ಟಿವ್ ಇನ್‌ಸ್ಪೆಕ್ಷನ್, ಚಿಕ್ಕದಾಗಿ ಎನ್‌ಡಿಐ ಎಂದು ಹೆಸರು. ಅಮೆರಿಕದ ವಾಯುಪಡೆಯಲ್ಲಿ ಇದಕ್ಕೆಂದೇ ತಂತ್ರಜ್ಞರ ಪ್ರತ್ಯೇಕ ವರ್ಗವಿದೆ. ಅವರಿಗೆ ತರಬೇತಿ ಫ್ಲಾರಿಡಾದ ಪೆನ್ಸಕೋಲಾ ನೌಕಾ ವಾಯುನೆಲೆಯಲ್ಲಿ.

ಈ ಕೆಲಸಕ್ಕೆ ಇಂದಿನ ತೂಕ ಬಂದದ್ದರ ಹಿಂದೆ ಒಂದು ಅಪಘಾತವಿದೆ. 1969ರ ಡಿಸೆಂಬರ್ 22ರಂದು ನೆವಾಡಾದಲ್ಲಿ ಎಫ್-111 ವಿಮಾನದ ಎಡರೆಕ್ಕೆ ಹಾರಾಟದಲ್ಲೇ ಕಳಚಿ, ಒಳಗಿದ್ದ ಇಬ್ಬರೂ ಸತ್ತರು. ವಿಮಾನ ಅಲ್ಲಿಯವರೆಗೆ ಹಾರಿದ್ದು ಸುಮಾರು 100 ಗಂಟೆ ಮಾತ್ರ. ರೆಕ್ಕೆಯ ಕೀಲಿನ ಉಕ್ಕಿನಲ್ಲಿ 2 ಸೆಂಟಿಮೀಟರಿಗಿಂತ ಉದ್ದದ ದೋಷ ತಯಾರಿಕೆಯ ಹಂತದಲ್ಲೇ ಸೇರಿಕೊಂಡಿತ್ತು. ಕಾರ್ಖಾನೆಯ ತಪಾಸಣೆಗಳ ಕಣ್ಣು ತಪ್ಪಿಸಿತ್ತು. ಅಲ್ಲಿಂದಾಚೆ ವಾಯುಪಡೆ ಲೆಕ್ಕಾಚಾರವನ್ನೇ ಬದಲಿಸಿತು: ಬಿರುಕು ಇದ್ದೇ ಇದೆ ಎಂದುಕೊಂಡು, ಅದು ಅಪಾಯದ ಮಟ್ಟಕ್ಕೆ ಬೆಳೆಯುವ ಮೊದಲೇ ಸಿಗುವಂತೆ ತಪಾಸಣೆಯ ಅವಧಿ ನಿಗದಿಯಾಗತೊಡಗಿತು.

ಮೇಲ್ಮೈ ಬಿರುಕಿಗೆ ಹೊಳೆಯುವ ದ್ರವ ಹಚ್ಚಿ, ಒರೆಸಿ, ಕತ್ತಲಕೋಣೆಯಲ್ಲಿ ಅತಿನೇರಳೆ ದೀಪ ಹಿಡಿಯುತ್ತಾರೆ. ಬಿರುಕಿನೊಳಗೆ ಉಳಿದ ದ್ರವ ಗೆರೆಯಾಗಿ ಮಿನುಗುತ್ತದೆ. ಉಕ್ಕಾದರೆ ಕಾಂತೀಯ ಪುಡಿ, ಅಲ್ಯೂಮಿನಿಯಮ್ಮಿಗೆ ಹೆಚ್ಚಾಗಿ ಎಡ್ಡಿ ಕರೆಂಟ್ ಎಂಬ ಸುಳಿ ವಿದ್ಯುತ್ತಿನ ವಿಧಾನ. ಕಸುಬಿನ ಕಷ್ಟವೆಲ್ಲ ಕೋನದಲ್ಲಿದೆ. ಅಲ್ಟ್ರಾಸೌಂಡ್ ತರಂಗ ಬಿರುಕಿನ ಮುಖಕ್ಕೆ ನೇರವಾಗಿ ಬಡಿದರೆ ಪ್ರತಿಧ್ವನಿ ಚೆನ್ನಾಗಿ ಮರಳುತ್ತದೆ. ಅದೇ ಬಿರುಕು ಎಕ್ಸ್-ರೇಯಲ್ಲಿ ಕಾಣಬೇಕಾದರೆ ಕಿರಣ ಅದರ ಸೀಳಿನ ಗುಂಟವೇ ಸಾಗಬೇಕು. ಕಾಂತಕ್ಷೇತ್ರ ಬಿರುಕಿಗೆ ಅಡ್ಡಲಾಗಿರಬೇಕು. ಹಾಗಾಗಿ ಒಂದೇ ಭಾಗವನ್ನು ಎರಡು ದಿಕ್ಕಿನಲ್ಲಿ ಕಾಂತೀಕರಿಸುತ್ತಾರೆ. ಲೋಹ ಯಾವ ಕಡೆಗೆ ಬಿರಿದೀತು ಎಂಬ ಅಂದಾಜಿಲ್ಲದವನ ಕೈಯಲ್ಲಿ ಎಷ್ಟು ದುಬಾರಿ ಯಂತ್ರವಿದ್ದರೂ ಅಷ್ಟೇ.

ಎಕ್ಸ್-ರೇ ತೆಗೆಯುವಾಗ ಸುತ್ತಲ ಜಾಗ ತೆರವು ಮಾಡಿ ಹಗ್ಗ ಕಟ್ಟಬೇಕು. ತಂತ್ರಜ್ಞರು ವಿಕಿರಣ ಅಳೆಯುವ ಬ್ಯಾಡ್ಜ್ ಧರಿಸುತ್ತಾರೆ. ಎಂಜಿನ್ ಆಯಿಲ್ ಪರೀಕ್ಷೆಯೂ ಇವರದೇ ಪಾಲು. ಆಯಿಲಿನ ಮಾದರಿಯನ್ನು ವಿದ್ಯುತ್ ಕಿಡಿಯಲ್ಲಿ ಉರಿಸಿ, ಹೊಮ್ಮುವ ಬೆಳಕಿನಿಂದ ಅದರಲ್ಲಿ ಕಬ್ಬಿಣ, ತಾಮ್ರ ಎಷ್ಟಿದೆಯೆಂದು ಅಳೆಯುತ್ತಾರೆ. ಒಳಗೆ ಯಾವ ಬೇರಿಂಗ್ ಸವೆಯುತ್ತಿದೆ ಎಂಬ ಸುಳಿವು ಅಲ್ಲೇ ಸಿಗುತ್ತದೆ.

ಆದರೆ ಕೈಪಿಡಿ ಹೇಳದ ಜಾಗವನ್ನು ಯಾರೂ ನೋಡುವುದಿಲ್ಲ. 2007ರ ನವೆಂಬರ್ 2ರಂದು ಮಿಸೌರಿಯಲ್ಲಿ ಎಫ್-15 ವಿಮಾನವೊಂದು ಆಕಾಶದಲ್ಲೇ ಎರಡು ತುಂಡಾಯಿತು. ಪೈಲಟ್ ಗಾಯಗೊಂಡು ಬದುಕುಳಿದರು. ಹಾಗೆ ಯಾರೂ ನೋಡದಿದ್ದ, ಕಾಕ್‌ಪಿಟ್ ಬಳಿಯ ಲಾಂಜರಾನ್ ಎಂಬ ಉದ್ದಪಟ್ಟಿ ಕೆಲವೆಡೆ ನಿಗದಿತ 2.5 ಮಿಲಿಮೀಟರಿನ ಬದಲು 1 ಮಿಲಿಮೀಟರಿನಷ್ಟೇ ದಪ್ಪವಿದ್ದು, ಅಲ್ಲಿಂದಲೇ ಬಿರಿದಿತ್ತು. ಬಳಿಕ ಇಡೀ ಎಫ್-15 ಪಡೆಯನ್ನು ನೆಲಕ್ಕಿಳಿಸಿ ಆ ಪಟ್ಟಿಗಳನ್ನು ಪರೀಕ್ಷಿಸಿದಾಗ ಇನ್ನೂ ಕೆಲವು ವಿಮಾನಗಳಲ್ಲಿ ಬಿರುಕು ಸಿಕ್ಕಿತು.