ಫೋರ್ಜ್ಡ್ ಹಾಕಿದ್ರೆ ಎಷ್ಟು ಎಚ್‌ಪಿ ಬರತ್ತೆ?

ನಮ್ಮ ಐಸಿ ಎಂಜಿನ್ ಲ್ಯಾಬ್‌ಗೆ ಹೋದವರು ನೋಡಿರ್ತೀರಿ, ಮೇಜಿನ ಮೇಲೆ ಅಟೆಂಡೆನ್ಸ್ ಶೀಟ್ ಹಾರದಂತೆ ಒಂದು ಪಿಸ್ಟನ್ ಇಟ್ಟಿದ್ದಾರೆ. ಅದರ ಒಂದು ಬದಿಯಲ್ಲಿ, ಮೊದಲ ಮತ್ತು ಎರಡನೇ ರಿಂಗ್ ನಡುವಿನ ಪಟ್ಟಿ, ಅಂದ್ರೆ ರಿಂಗ್ ಲ್ಯಾಂಡ್, ಬಿಸ್ಕತ್ತು ಕಚ್ಚಿದ ಹಾಗೆ ಮುರಿದಿದೆ. ನಮಗಿಂತ ಎರಡು ಬ್ಯಾಚ್ ಸೀನಿಯರ್‌ಗಳು ಗುಜರಿಯಿಂದ ತಂದ 1.3 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಟರ್ಬೊ ಕೂರಿಸಿ ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿದ್ರು. ಡೆಮೊಗೆ ನಾಲ್ಕು ದಿನ ಇದೆ ಅನ್ನುವಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ. ಬಿಚ್ಚಿದಾಗ ಸಿಕ್ಕಿದ್ದು ಈ ಪಿಸ್ಟನ್. ವೈವಾದಲ್ಲಿ ಅವರು ಹೇಳಿದ್ದು ಒಂದೇ ಮಾತು: "ಸರ್, ಇದು ಕಾಸ್ಟ್ ಪಿಸ್ಟನ್. ಫೋರ್ಜ್ಡ್ ಹಾಕಿದ್ರೆ ಹೀಗಾಗ್ತಿರ್ಲಿಲ್ಲ."

ಈ ಸಲ ಅದೇ ಪ್ರಾಜೆಕ್ಟ್ ಮುಂದುವರಿಸೋಕೆ ಹೊರಟ ಜೂನಿಯರ್ ಒಬ್ಬ ಕ್ಯಾಂಟೀನ್‌ನಲ್ಲಿ ಕೇಳಿದ, "ಅಣ್ಣಾ, ಫೋರ್ಜ್ಡ್ ಪಿಸ್ಟನ್, ರಾಡ್ ಹಾಕಿದ್ರೆ ಎಷ್ಟು ಎಚ್‌ಪಿ ಜಾಸ್ತಿ ಆಗತ್ತೆ?"

ಸೊನ್ನೆ. ಗಟ್ಟಿ ಗೋಣಿಚೀಲ ತಂದ ಮಾತ್ರಕ್ಕೆ ಗದ್ದೆಯಲ್ಲಿ ಭತ್ತ ಜಾಸ್ತಿ ಬೆಳೆಯಲ್ಲ, ತುಂಬಿದಾಗ ಹರಿಯಲ್ಲ ಅಷ್ಟೇ. ಪವರ್ ಬರೋದು ಹೆಚ್ಚು ಗಾಳಿ, ಹೆಚ್ಚು ಇಂಧನ ಸುಟ್ಟಾಗ. ಆ ಹೊರೆಯನ್ನ ತಡ್ಕೊಳ್ಳೋದು ಪಿಸ್ಟನ್, ರಾಡ್‌ಗಳ ಕೆಲಸ. ಹಾಗಾಗಿ ಕ್ಯಾಟಲಾಗ್ ತೆರೆಯೋ ಮುಂಚೆ ಕೇಳ್ಕೋಬೇಕಾದ್ದು, ನಮ್ಮ ಎಂಜಿನ್‌ನಲ್ಲಿ ಹೆಚ್ಚಾಗ್ತಿರೋದು ಯಾವ ಹೊರೆ? ಆರ್‌ಪಿಎಂ ಹೆಚ್ಚಿಸ್ತಾ ಇದ್ದೀವೋ, ಬೂಸ್ಟ್ ಹೆಚ್ಚಿಸ್ತಾ ಇದ್ದೀವೋ? ಎರಡಕ್ಕೂ ಉತ್ತರ ಬೇರೆ ಬೇರೆ.

ಎಲ್ಲರಿಗೂ ಗೊತ್ತಿರೋ ಎಂಜಿನ್ ತಗೊಳ್ಳೋಣ: ಟೊಯೋಟಾ ಸುಪ್ರಾದ 2ಜೆಝಡ್-ಜಿಟಿಇ. ಆರು ಸಿಲಿಂಡರ್, ಬೋರ್ 86 ಮಿ.ಮೀ., ಸ್ಟ್ರೋಕ್ 86 ಮಿ.ಮೀ., ರಾಡ್ ಉದ್ದ 142 ಮಿ.ಮೀ. ತಮಾಷೆ ಏನಂದ್ರೆ ಇದರ ಕಂಪನಿ ರಾಡ್‌ಗಳು ಮೊದಲಿಂದಲೇ ಫೋರ್ಜ್ಡ್ ಸ್ಟೀಲ್, ಪಿಸ್ಟನ್ ಮಾತ್ರ ಎರಕದ್ದು. ಅಂದ್ರೆ ರಾಡ್ ವಿಷಯದಲ್ಲಿ "ಫೋರ್ಜ್ಡ್" ಅನ್ನೋ ಪದ ಒಂದೇ ಏನೂ ಹೇಳಲ್ಲ. ಯಾವ ಸ್ಟೀಲ್, ಯಾವ ಬೋಲ್ಟ್ ಅಂತ ಕೇಳ್ಬೇಕು.

ಕೆಒಎಂ ಕ್ಲಾಸ್‌ನಲ್ಲಿ ನಿದ್ದೆ ಮಾಡ್ಕೊಂಡು ಬರೆದುಕೊಂಡ ಸ್ಲೈಡರ್ ಕ್ರ್ಯಾಂಕ್ ಸೂತ್ರ ಇಲ್ಲಿ ಕೆಲಸಕ್ಕೆ ಬರತ್ತೆ. ಟಿಡಿಸಿಯಲ್ಲಿ ಪಿಸ್ಟನ್‌ನ ವೇಗೋತ್ಕರ್ಷ ಬೇಕಂದ್ರೆ ಕ್ರ್ಯಾಂಕ್ ತ್ರಿಜ್ಯವನ್ನ ಕೋನೀಯ ವೇಗದ ವರ್ಗದಿಂದ ಗುಣಿಸಿ. ತ್ರಿಜ್ಯವನ್ನ ರಾಡ್ ಉದ್ದದಿಂದ ಭಾಗಿಸಿ, ಅದಕ್ಕೆ ಒಂದು ಕೂಡಿಸಿ, ಮತ್ತೆ ಗುಣಿಸಿ. 6,800 ಆರ್‌ಪಿಎಂನಲ್ಲಿ ಬರೋದು ಗುರುತ್ವದ ಸುಮಾರು 2,900 ಪಟ್ಟು. ಪಿಸ್ಟನ್, ಪಿನ್, ರಿಂಗ್, ರಾಡ್‌ನ ಮೇಲ್ತುದಿ ಎಲ್ಲ ಸೇರಿ 700 ಗ್ರಾಂ ಅಂತ ಇಟ್ಕೊಂಡ್ರೆ ರಾಡ್ ಮೇಲೆ ಎರಡು ಟನ್ ಎಳೆತ. 8,500 ಆರ್‌ಪಿಎಂಗೆ ಹೋದ್ರೆ ಮೂರು ಟನ್ ದಾಟತ್ತೆ. ಆರ್‌ಪಿಎಂ ಹೆಚ್ಚಾದದ್ದು ಕಾಲು ಭಾಗ, ಎಳೆತ ಹೆಚ್ಚಾದದ್ದು ಅರ್ಧಕ್ಕಿಂತ ಜಾಸ್ತಿ. ಎಲ್ಲಾ ಆ ವರ್ಗದ ಮಹಿಮೆ.

ಈ ಎಳೆತ ಪೂರ್ತಿಯಾಗಿ ಬೀಳೋದು ಪವರ್ ಸ್ಟ್ರೋಕ್‌ನಲ್ಲಲ್ಲ, ಎಕ್ಸಾಸ್ಟ್ ಸ್ಟ್ರೋಕ್‌ನ ಕೊನೆಗೆ. ಆಗ ಮೇಲಿಂದ ಒತ್ತೋಕೆ ಗ್ಯಾಸ್ ಒತ್ತಡ ಇರಲ್ಲ, ಮೇಲಕ್ಕೆ ಹಾರ್ತಿರೋ ಪಿಸ್ಟನ್ನನ್ನ ರಾಡ್ ಒಂದೇ ಹಿಡಿದು ಕೆಳಗೆಳೀಬೇಕು. ಉರಿಯುವಾಗ 100 ಬಾರ್ ಒತ್ತಡ ಬಂದ್ರೆ ಅದೇ ಪಿಸ್ಟನ್ ಮೇಲೆ ಸುಮಾರು ಆರು ಟನ್ ಬೀಳತ್ತೆ, ನಿಜ. ಆದ್ರೆ ಅದು ಒತ್ತೋ ಹೊರೆ. ಸ್ಟೀಲ್ ಒತ್ತಿದ್ರೆ ಸಹಿಸ್ಕೊಳ್ಳತ್ತೆ, ಲಕ್ಷಾಂತರ ಸಲ ಎಳೆದ್ರೆ ಫಟೀಗ್ ಆಗಿ ಮುರಿಯತ್ತೆ. ಕಡಿಮೆ ಆರ್‌ಪಿಎಂನಲ್ಲೇ ಸಿಕ್ಕಾಪಟ್ಟೆ ಬೂಸ್ಟ್ ಕೊಟ್ರೆ ಮಾತ್ರ ಕಥೆ ಬೇರೆ, ಆಗ ರಾಡ್ ಬಾಳೆಹಣ್ಣಿನ ಹಾಗೆ ಬಾಗೋದುಂಟು.

ಆ ಎಳೆತ ಕೊನೆಗೆ ಸೇರೋದು ಬಿಗ್ ಎಂಡ್‌ನ ಎರಡು ಬೋಲ್ಟ್‌ಗಳಿಗೆ. ಎಚ್-ಬೀಮ್ ಒಳ್ಳೇದಾ ಐ-ಬೀಮ್ ಒಳ್ಳೇದಾ ಅಂತ ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ಜಗಳ ಆಡ್ತಾರೆ. 4340 ಸ್ಟೀಲ್‌ನ ಒಳ್ಳೆ ರಾಡ್ ಯಾವ ಆಕಾರದಲ್ಲಿದ್ರೂ ಕಾಲೇಜು ಪ್ರಾಜೆಕ್ಟ್‌ಗೆ ಸಾಕು, ನಾನಾದ್ರೆ ಆ ಹೊತ್ತಲ್ಲಿ ಬೋಲ್ಟ್ ಬಗ್ಗೆ ಓದ್ತೀನಿ. ಬೋಲ್ಟನ್ನ ಬಿಗಿಯೋದು ಅಂದ್ರೆ ಅದನ್ನ ಸ್ಪ್ರಿಂಗ್ ಥರ ಎಳೆದಿಡೋದು. ಆ ಬಿಗಿತ ಎಂಜಿನ್ ಕೊಡೋ ಎಳೆತಕ್ಕಿಂತ ಜಾಸ್ತಿ ಇದ್ರೆ ಕ್ಯಾಪ್ ಬಾಯಿ ಬಿಡಲ್ಲ, ಬೋಲ್ಟ್‌ಗೆ ಏರಿಳಿತ ತಿಳಿಯೋದೇ ಕಡಿಮೆ. ಬಿಗಿತ ಕಮ್ಮಿಯಾದ್ರೆ ಪ್ರತಿ ಸುತ್ತಿಗೂ ಬೋಲ್ಟ್ ಹಿಗ್ಗಿ ಕುಗ್ಗಿ, ಒಂದು ದಿನ ರಾಡ್ ಬ್ಲಾಕ್‌ನಿಂದ ಆಚೆ ಬಂದು ಕೈ ಬೀಸತ್ತೆ.

ಟಾರ್ಕ್ ರೆಂಚ್ ಇಲ್ಲಿ ಪೂರ್ತಿ ನಂಬಿಕಸ್ಥ ಅಲ್ಲ. ನಾವು ಹಾಕೋ ಟಾರ್ಕ್‌ನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬೋಲ್ಟ್ ತಲೆಯ ಕೆಳಗೆ ಮತ್ತು ಥ್ರೆಡ್‌ನಲ್ಲಿ ಘರ್ಷಣೆಗೇ ಹೋಗತ್ತೆ. ಒಂದು ಬೋಲ್ಟ್‌ಗೆ ಎಂಜಿನ್ ಆಯಿಲ್, ಇನ್ನೊಂದಕ್ಕೆ ಗ್ರೀಸ್ ಹಚ್ಚಿದ್ರೆ ರೆಂಚ್ ಒಂದೇ ಸಂಖ್ಯೆ ತೋರಿಸತ್ತೆ, ಬಿಗಿತ ಮಾತ್ರ ಬೇರೆ. ಅದಕ್ಕೇ ಸ್ಟ್ರೆಚ್ ಗೇಜ್ ಇಟ್ಟು ಬೋಲ್ಟ್ ಎಷ್ಟು ಉದ್ದ ಆಯ್ತು ಅಂತ ಅಳೀತಾರೆ. ಸಾಮಾನ್ಯವಾಗಿ 0.15 ಮಿ.ಮೀ. ಆಸುಪಾಸು, ಸರಿಯಾದ ಸಂಖ್ಯೆ ರಾಡ್ ಜೊತೆ ಬರೋ ಹಾಳೆಯಲ್ಲಿರತ್ತೆ. ಹಳೇ ರಾಡ್‌ಗೇ ಹೊಸ ಬೋಲ್ಟ್ ಹಾಕಿ ದುಡ್ಡು ಉಳಿಸ್ತೀವಿ ಅನ್ನೋರು ಇನ್ನೊಂದು ತಿಳ್ಕೊಳ್ಳಿ: ಬಿಗಿತ ಬದಲಾದ್ರೆ ಬಿಗ್ ಎಂಡ್‌ನ ದುಂಡು ಕೆಡತ್ತೆ, ಮತ್ತೆ ಅಳತೆ ನೋಡಿ ಹೋನ್ ಮಾಡಿಸ್ಬೇಕು.

ಈಗ ಪಿಸ್ಟನ್. ಇದರ ಶತ್ರು ಶಾಖ ಮತ್ತು ನಾಕಿಂಗ್. ಫೋರ್ಜ್ಡ್ ಪಿಸ್ಟನ್‌ಗಳಲ್ಲಿ ಮುಖ್ಯವಾಗಿ ಎರಡು ಮಿಶ್ರಲೋಹ. 4032ರಲ್ಲಿ ಸುಮಾರು ಶೇ. 12 ಸಿಲಿಕಾನ್, 2618ರಲ್ಲಿ ಶೇ. 0.25ಕ್ಕಿಂತ ಕಡಿಮೆ. ಸಿಲಿಕಾನ್ ಇದ್ರೆ ಹಿಗ್ಗೋದು ಕಮ್ಮಿ, ಸವೆಯೋದು ಕಮ್ಮಿ, ಆದ್ರೆ ಪೆಟ್ಟಿಗೆ ಸ್ವಲ್ಪ ಬಿರುಸು. 2618 ಪೆಟ್ಟು ಬಿದ್ರೆ ಒಡೆಯೋ ಬದಲು ಸ್ವಲ್ಪ ಮಣಿಯತ್ತೆ. (ಕಾಂಕಾರ್ಡ್ ವಿಮಾನದ ಮೈಗೆ ಬಳಸಿದ್ದೂ ಇದೇ ಕುಟುಂಬದ ಮಿಶ್ರಲೋಹ. ಶಬ್ದಕ್ಕಿಂತ ವೇಗವಾಗಿ ಹಾರುವಾಗ ಮೈ ಕಾಯತ್ತಲ್ಲ, ಅದಕ್ಕೆ.) ಹಾಗಾದ್ರೆ ಎಲ್ಲರೂ 2618 ಹಾಕ್ಬೋದಲ್ಲ? ಲೆಕ್ಕ ಹಾಕಿ. ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಏರಿದ್ರೆ 4032 ಸುಮಾರು 19.4 ಮೈಕ್ರಾನ್ ಹಿಗ್ಗತ್ತೆ, 2618 ಸುಮಾರು 22.3. 86 ಮಿ.ಮೀ. ಪಿಸ್ಟನ್ 150 ಡಿಗ್ರಿ ಕಾದ್ರೆ ಎರಡರ ನಡುವೆ ಸುಮಾರು 0.04 ಮಿ.ಮೀ. ವ್ಯತ್ಯಾಸ. ಅಷ್ಟು ಜಾಗ ತಣ್ಣಗಿರುವಾಗಲೇ ಬಿಟ್ಟಿರ್ಬೇಕು. ಹಾಗಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಿಸ್ಟನ್ ಗೋಡೆಗೆ ಬಡಿದು ಕಟಕಟ ಅನ್ನತ್ತೆ, ಆಯಿಲ್ ಸ್ವಲ್ಪ ಕುಡಿಯತ್ತೆ. ದಿನಾ ಕಾಲೇಜಿಗೆ ಓಡಿಸೋ ಗಾಡಿಗೆ, ಬೂಸ್ಟ್ ಮಿತವಾಗಿದ್ರೆ, 4032 ಸಾಕು. ಟ್ರ್ಯಾಕ್‌ಗೆ, ಜಾಸ್ತಿ ಬೂಸ್ಟ್‌ಗೆ 2618.

ಬೋರಿಂಗ್ ಅಂಗಡಿಗೆ ಬ್ಲಾಕ್ ಒಂದನ್ನೇ ಹೊತ್ಕೊಂಡು ಹೋಗಿ "ಮಾಮೂಲಿ ಗ್ಯಾಪ್ ಬಿಡಿ ಅಣ್ಣಾ" ಅನ್ಬೇಡಿ. ಅವರು ಎರಕದ ಪಿಸ್ಟನ್‌ನ ಗ್ಯಾಪ್ ಬಿಡ್ತಾರೆ, ಹೊಸ ಪಿಸ್ಟನ್ ಕಾದು ಜಾಮ್ ಆಗತ್ತೆ. ಮೊದಲು ಪಿಸ್ಟನ್ ಕೈಗೆ ಬರ್ಲಿ, ಅದರ ಹಾಳೆ ಹೇಳಿದ ಜಾಗದಲ್ಲಿ ಮೈಕ್ರೋಮೀಟರ್ ಇಟ್ಟು ಅಳೆದು, ಆಮೇಲೆ ರೀಬೋರ್.

ನಮ್ಮ ಫಾರ್ಮುಲಾ ಸ್ಟೂಡೆಂಟ್ ಟೀಮಿಗೂ ಒಂದು ಮಾತು. ಕೆಟಿಎಂ 390 ಎಂಜಿನ್‌ನಲ್ಲಿ ಕಂಪನಿಯೇ ಫೋರ್ಜ್ಡ್ ಪಿಸ್ಟನ್ ಕೊಟ್ಟಿದೆ. ನಿಯಮದ 20 ಮಿ.ಮೀ. ರಿಸ್ಟ್ರಿಕ್ಟರ್ ಹಾಕಿದ ಮೇಲೆ ಗಾಳಿ ಹೋಗೋದೇ ಕಡಿಮೆ. ಹೊಸ ರಾಡ್‌ಗೆ ಸ್ಪಾನ್ಸರ್ ಹುಡುಕೋ ಬದಲು ಟೈರ್‌ಗೆ ಹುಡುಕಿ.

ಇನ್ನು ಆ ಪೇಪರ್‌ವೇಟ್. ಕಳೆದ ತಿಂಗಳು ನಾವು ಮೂವರು ಸ್ಟೋರ್ ರೂಮಿನ ಡಬ್ಬದಲ್ಲಿ ಹುಡುಕಿ ಅದರ ರಿಂಗ್‌ಗಳನ್ನ ತೆಗೆದು ನೋಡಿದ್ವಿ. ರಿಂಗ್‌ನ ಎರಡು ತುದಿಗಳ ನಡುವೆ ಸಂದು ಬಿಡ್ಬೇಕು ಅಂತ ಗೊತ್ತಲ್ಲ? ಬೂಸ್ಟ್ ಜಾಸ್ತಿ ಆದಷ್ಟೂ ರಿಂಗ್ ಹೆಚ್ಚು ಕಾದು ಹೆಚ್ಚು ಹಿಗ್ಗತ್ತೆ, ಸಂದೂ ದೊಡ್ಡದಿರ್ಬೇಕು. ಟರ್ಬೊ ಎಂಜಿನ್‌ಗೆ ಮೇಲಿನ ರಿಂಗ್‌ಗೆ ಬೋರ್‌ನ 0.005 ಪಟ್ಟು ಅನ್ನೋದು ಒಂದು ಸಾಮಾನ್ಯ ಲೆಕ್ಕ, 86 ಮಿ.ಮೀ.ಗೆ 0.43. ಸಂದು ಸಾಲದಿದ್ರೆ ತುದಿಗಳು ಒಂದಕ್ಕೊಂದು ಗುದ್ದಿ, ರಿಂಗ್‌ಗೆ ಹೋಗೋಕೆ ಜಾಗ ಇಲ್ಲದೆ ಸಿಲಿಂಡರ್ ಗೋಡೆಗೆ ಕಚ್ಕೊಳ್ಳತ್ತೆ, ಪಿಸ್ಟನ್ ಓಡ್ತಾನೇ ಇರತ್ತೆ, ರಿಂಗ್ ಲ್ಯಾಂಡ್ ಕಿತ್ತು ಬರತ್ತೆ. ನಮಗೆ ಸಿಕ್ಕಿದ ಮೇಲಿನ ರಿಂಗ್‌ನ ಎರಡೂ ತುದಿ ಕನ್ನಡಿ ಥರ ಮಿರಮಿರ ಅಂತಿದ್ವು. ಗ್ಯಾಪ್ ಫೈಲ್ ಮಾಡಿರ್ಲಿಲ್ಲ. ಅದೇ ಸಂದಿನಲ್ಲಿ ಫೋರ್ಜ್ಡ್ ಪಿಸ್ಟನ್ ಹಾಕಿದ್ರೂ ಸಿಲಿಂಡರ್ ಗೋಡೆ ಗೀಚಿಹೋಗಿ ಡೆಮೊ ನಿಲ್ತಿತ್ತು.

ಜೂನಿಯರ್‌ಗೆ ಆ ರಿಂಗ್ ಕೊಟ್ಟಿದೀನಿ. ಫೀಲರ್ ಗೇಜ್ ಲ್ಯಾಬ್‌ನ ಎರಡನೇ ಡ್ರಾಯರ್‌ನಲ್ಲಿದೆ.